ಒಂದು ಗೇಣು ಆಚೆ

ಏಪ್ರಿಲ್ 11

ವಿನ್ನಿಪೆಗ್ ಆಸ್ಪತ್ರೆಯಿಂದ ಮನೆಗೆ ಬಂದು ಎರಡು ದಿನವಾಯಿತು. ಈ ಪುಸ್ತಕ ಕೊಟ್ಟವಳು ಅಲ್ಲಿ ವ್ಯಾಯಾಮ ಹೇಳಿಕೊಡುವ ರೆನೆ. ದಿನಾ ನೋವು ಎಷ್ಟಿತ್ತು, ಮಂಡಿ ಎಷ್ಟು ಮಡಚಿತು ಎಂದು ಬರೆದಿಡಬೇಕಂತೆ. ನೋವು ಇದೆ. ಮಂಡಿ ಮಡಚುವುದಿಲ್ಲ. ಬರೆದಾಯಿತು. ಉಳಿದ ಹಾಳೆಗಳು ನನ್ನವು, ಅವಳಿಗೆ ತೋರಿಸುವುದಿಲ್ಲ.

ಎಡಗಾಲಿಗೆ ಏನು ಮಾಡಿದರು ಎಂದು ಈಗಲೇ ಬರೆದುಕೊಳ್ಳುತ್ತೇನೆ, ಕೂದಲು ಕತ್ತರಿಸಿಕೊಳ್ಳಲು ನನ್ನ ಅಂಗಡಿಗೆ ಬರುವ ಹೆಂಗಸರು ಕೇಳಿಯೇ ಕೇಳುತ್ತಾರೆ. ಮಂಡಿಯನ್ನು ಮುಟ್ಟಿಲ್ಲ. ಅದರ ಕೆಳಗಿನ ದೊಡ್ಡ ಮೂಳೆಯನ್ನು ಒಳಮಗ್ಗುಲಿನಿಂದ ಗರಗಸದಲ್ಲಿ ಕೊಯ್ದಿದ್ದಾರೆ, ಪೂರ್ತಿ ಅಲ್ಲ, ಆಚೆ ಅಂಚು ಸ್ವಲ್ಪ ಉಳಿಯುವ ಹಾಗೆ. ಆಮೇಲೆ ಸೀಳನ್ನು ಮೆಲ್ಲಗೆ ಅಗಲಿಸಿ, ಕಾಲು ನೆಟ್ಟಗಾದ ಮೇಲೆ ಲೋಹದ ಪಟ್ಟಿ ಇಟ್ಟು ತಿರುಪು ಬಿಗಿದಿದ್ದಾರೆ. ಸೀಳಿನೊಳಗೆ ಹೊಸ ಮೂಳೆ ತಾನಾಗಿ ಬೆಳೆದು ತುಂಬಿಕೊಳ್ಳಬೇಕು.

ಡಾಕ್ಟರ್ ಹ್ಯಾಲ್‌ಸ್ಟೆಡ್ ಮೊದಲೇ ಚಿತ್ರ ತೋರಿಸಿದ್ದರು. ಸೊಂಟದಿಂದ ಹಿಮ್ಮಡಿಗೆ ಒಂದು ಗೆರೆ. ಸರಿಯಾದ ಕಾಲಿನಲ್ಲಿ ಅದು ಮಂಡಿಯ ನಡುವೆ ಹಾದುಹೋಗುತ್ತದೆ. ನನ್ನದರಲ್ಲಿ ಮಂಡಿಯ ಒಳಗಡೆಗೆ ಜಾರಿತ್ತು. ಐವತ್ತೆರಡು ವರ್ಷ ಮೈಭಾರವೆಲ್ಲ ಒಂದೇ ಮಗ್ಗುಲಿಗೆ ಬಿದ್ದು ಅಲ್ಲಿನ ಮೆತ್ತೆ ಸವೆದು ಮೂಳೆಗೆ ಮೂಳೆ ತಾಗುತ್ತಿತ್ತು. ಕೃತಕ ಮಂಡಿ ಹಾಕಿಸಿಕೊಂಡಿದ್ದರೆ ನೋವು ಹೋಗುತ್ತಿತ್ತು, ಆದರೆ ಐಸ್ ಮೇಲೆ ಕಲ್ಲು ಜಾರಿಸುವ ನಮ್ಮ ಆಟವಾದ ಕರ್ಲಿಂಗ್‌ನಲ್ಲಿ ಕಲ್ಲು ಬಿಡುವಷ್ಟು ಕೆಳಗೆ ಕೂರಲು ಆಗುವುದಿಲ್ಲ ಎಂದರು. ಹಾಗಾಗಿ ಇದು. ನನ್ನ ಗಂಡ ಎಲ್ವಿನ್‌ಗೆ ಮನಸ್ಸಿರಲಿಲ್ಲ. ಗೆಳತಿ ವೆರ್ನಾಳೇ ಹಟ ಹಿಡಿದು ನನ್ನನ್ನು ಒಪ್ಪಿಸಿದಳು.

ಅವಳು ಇವತ್ತು ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಮಾಡಿಕೊಂಡು ಬಂದಿದ್ದಳು. ಬಟ್ಟೆ ಸುತ್ತಿದ ಕಾಲನ್ನು ಬಹಳ ಹೊತ್ತು ನೋಡಿದಳು. ‘ಚಳಿಗಾಲಕ್ಕೆ ನೀನು ಐಸ್ ಮೇಲೆ ಇರ್ತೀಯ ಕಣೆ. ನೀನಿಲ್ದೆ ನಮ್ಮ ತಂಡ ಯಾವ ತಂಡ,’ ಎಂದಳು. ಇಪ್ಪತ್ತಾರು ಚಳಿಗಾಲ ನಾನು ನಾಯಕಿ, ಅವಳು ನನ್ನ ಬಲಗೈ. ನನ್ನ ಅಕ್ಕನಿಗಿಂತ ಹೆಚ್ಚು.

ಮೇ 20

ಕಟ್ಟು ಬಿಚ್ಚಿದರು. ಎಡಗಾಲು ನೆಟ್ಟಗಿದೆ. ಬಲಗಾಲು ಹಳೆಯದೇ, ಬಾಗಿದ್ದು. ಕನ್ನಡಿಯಲ್ಲಿ ನೋಡಿದರೆ ಒಂದು ಕಾಲು ನನ್ನದು, ಇನ್ನೊಂದು ಯಾರದೋ. ನಿನ್ನ ಕಾಲ ಸಂದಿಯಲ್ಲಿ ಮೀನಿನ ಪೀಪಾಯಿ ಉರುಳಿಸಬಹುದು ಎಂದು ಅಪ್ಪ ಹೇಳುತ್ತಿದ್ದ. ಈಗ ಅರ್ಧ ಪೀಪಾಯಿ.

ರೆನೆಗೆ ಕರ್ಲಿಂಗ್ ಗೊತ್ತಿಲ್ಲ, ಮನಿಟೋಬಾದಲ್ಲಿ ಹುಟ್ಟಿ ಅದು ಹೇಗೆ ಸಾಧ್ಯವೋ. ಆಸ್ಪತ್ರೆಯ ನೆಲದ ಮೇಲೆ ಕೈಯಲ್ಲೇ ತೋರಿಸಿದೆ. ಬಲಗಾಲಿನಿಂದ ತಳ್ಳಬೇಕು. ಎಡಪಾದದ ಮೇಲೆ ಕುಕ್ಕರಗಾಲಲ್ಲಿ ಜಾರಬೇಕು, ಎಡಮಂಡಿ ಎದೆಗೆ ತಾಗುವಷ್ಟು ಮಡಚಬೇಕು. ಆಚೆ ತುದಿಯಲ್ಲಿ ನಮ್ಮವಳೊಬ್ಬಳು ಪೊರಕೆ ಊರಿ ನಿಂತಿರುತ್ತಾಳೆ, ಬಿಡುವವಳಿಗೆ ಅದೇ ಗುರಿ. ಅದರ ಕಡೆ ಕಣ್ಣಿಟ್ಟು ಕಲ್ಲು ಬಿಟ್ಟರೆ ಅದು ಕೊನೆಗೆ ತಿರುಗಿಕೊಂಡು ವೃತ್ತದೊಳಗೆ ಹೋಗಿ ಕೂರುತ್ತದೆ. ನಾನು ಜಿಲ್ಲೆಯಲ್ಲೇ ಎಲ್ಲರಿಗಿಂತ ನೇರವಾಗಿ ಬಿಡುವವಳು ಎಂದೂ ಹೇಳಿದೆ. ಅದು ಜಂಬವಲ್ಲ, ಕ್ಲಬ್ಬಿನ ಗೋಡೆಯ ಮೇಲಿರುವ ಫೋಟೊಗಳನ್ನು ಯಾರು ಬೇಕಾದರೂ ನೋಡಬಹುದು.

ಅಷ್ಟು ಮಡಚುವುದು ಕಷ್ಟವಾಗಬಹುದು ಎಂದಳು. ಮೂಳೆ ಅಗಲಿಸಿದ್ದರಿಂದ ಮಂಡಿಚಿಪ್ಪು ಮೊದಲಿಗಿಂತ ತುಸು ಕೆಳಗೆ ಕೂತಿದೆ. ಕಾಲೂ ಕೂದಲೆಳೆಯಷ್ಟು ಉದ್ದವಾಗಿದೆ. ಇದನ್ನು ಮೊದಲು ಯಾರೂ ಹೇಳಲಿಲ್ಲ ಎಂದೆ. ‘ಡಾಕ್ಟರು ಹೇಳಿರ್ತಾರೆ. ನೀವು ಆಗ ಐಸ್ ಮೇಲೆ ಇದ್ರಿ, ಮನಸ್ಸಲ್ಲಿ,’ ಎಂದಳು. ಬಾಯಿ ಜೋರು ಹುಡುಗಿ. ಮನೆಗೆ ಬರುವಾಗ ದಾರಿಯುದ್ದಕ್ಕೂ ಎಲ್ವಿನ್ ಹತ್ತಿರ ಅವಳನ್ನು ಬೈದೆ.

ಜೂನ್ 30

ಅಂಗಡಿ ತೆರೆದೆ. ಎತ್ತರದ ಸ್ಟೂಲಿನ ಮೇಲೆ ಕೂತೇ ಕತ್ತರಿ ಆಡಿಸುತ್ತೇನೆ. ಎರಡು ತಿಂಗಳು ಕೂದಲು ಬಿಟ್ಟುಕೊಂಡು ನನಗಾಗಿ ಕಾದ ಹೆಂಗಸರಿದ್ದಾರೆ, ಪಕ್ಕದ ಊರಿಗೆ ಹೋದವರೂ ಇದ್ದಾರೆ. ಯಾರು ಹೋಗಿದ್ದರು ಎಂದು ಕತ್ತಿನ ಹಿಂದೆ ನೋಡಿದರೇ ತಿಳಿಯುತ್ತದೆ.

ಸುದ್ದಿಯ ಹಸಿವು ತೀರಿತು. ಯಾರ ಮಗಳು ಯಾರ ಜೊತೆ, ಪಾದ್ರಿಗೂ ವಾದ್ಯ ನುಡಿಸುವವಳಿಗೂ ಯಾಕೆ ಮಾತಿಲ್ಲ, ಎಲ್ಲ. ತಲೆ ಒದ್ದೆಯಾದ ಮೇಲೆ ಈ ಊರಿನ ಹೆಂಗಸರು ಏನನ್ನೂ ಬಚ್ಚಿಡುವುದಿಲ್ಲ.

ಆಗಸ್ಟ್ 15

ಊರುಗೋಲು ಬಿಟ್ಟೆ. ಸರೋವರದ ತನಕ ನಡೆದು ಬಂದೆ. ಮಂಡಿಯ ಒಳಮಗ್ಗುಲಿನ ಆ ಹಳೆಯ ನೋವು ಇಲ್ಲವೇ ಇಲ್ಲ. ದಾರಿಯಲ್ಲಿ ಒಬ್ಬಳೇ ನಕ್ಕೆ.

ಅಕ್ಟೋಬರ್ 7

ಕ್ಲಬ್ಬಿನಲ್ಲಿ ಐಸ್ ಹಾಕಲು ಶುರು ಮಾಡಿದ್ದಾರೆ. ಬಾಗಿಲ ಹತ್ತಿರದ ಹಲಗೆಯ ಮೇಲೆ ಈ ವರ್ಷದ ತಂಡಗಳನ್ನು ಬರೆದು ಹಾಕಿದ್ದಾರೆ. ನಮ್ಮ ತಂಡದ ಮುಂದೆ ನಾಯಕಿ ಎಂದು ವೆರ್ನಾಳ ಹೆಸರು. ಅದರ ಕೆಳಗೆ ಪ್ಯಾಟ್, ಜೋಲೀನ್, ಆಮೇಲೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೊಸ ಹುಡುಗಿ. ನನ್ನ ಹೆಸರು ಎಲ್ಲಿಯೂ ಇಲ್ಲ.

ವೆರ್ನಾಳನ್ನು ಕೇಳಿದ್ದಕ್ಕೆ, ನಾಲ್ಕು ಹೆಸರು ಕೊಡದಿದ್ದರೆ ತಂಡವನ್ನೇ ಸೇರಿಸಿಕೊಳ್ಳುವುದಿಲ್ಲ, ನೀನು ಬಂದ ದಿನ ನಿನ್ನ ಜಾಗ ನಿನಗೆ ಎಂದಳು. ಸರಿ. ಆದರೆ ನಮ್ಮ ಮನೆಗೂ ಅವಳ ಮನೆಗೂ ನಡುವೆ ಇರುವುದು ಒಂದೇ ಬೀದಿ. ಹಲಗೆಗೆ ಹೇಳುವ ಮುಂಚೆ ನನಗೆ ಹೇಳಬಹುದಿತ್ತು.

ನವೆಂಬರ್ 12

ಡಾಕ್ಟರ್ ಎಕ್ಸ್‌ರೇ ಚಿತ್ರ ನೋಡಿ ಸೀಳು ಮೂಳೆಯಿಂದ ತುಂಬಿದೆ, ಆಡಬಹುದು ಎಂದರು. ಇವತ್ತು ಮೊದಲ ಸಲ ಜಾರಿದೆ. ಪೂರ್ತಿ ಕೂತಾಗ ಮಂಡಿಚಿಪ್ಪಿನ ಕೆಳಗೆ ಯಾರೋ ಚಿವುಟಿದ ಹಾಗಾಗುತ್ತದೆ. ತಾಳಿಕೊಂಡೆ. ವೆರ್ನಾ ಆಚೆ ತುದಿಯಲ್ಲಿ ಪೊರಕೆ ಹಿಡಿದು ನಿಂತಿದ್ದಳು, ಯಾವಾಗಿನಂತೆ. ಅವಳನ್ನು ಅಲ್ಲಿ ನೋಡಿದ್ದೇ ಕಣ್ಣಲ್ಲಿ ನೀರು ಬಂತು.

ಕಲ್ಲುಗಳು ಮಾತ್ರ ಎಲ್ಲವೂ ಬಲಕ್ಕೆ ಹೋದವು. ಮೊದಲ ದಿನ ಅಲ್ಲವೇ.

ನವೆಂಬರ್ 23

ವೆರ್ನಾ ಮಾತಿನಂತೆ ಜಾಗ ಬಿಟ್ಟುಕೊಟ್ಟಳು. ನಾನು ನಾಯಕಿಯಾಗಿ ಆಡಿದ ಮೂರನೆಯ ಆಟವೂ ಸೋತೆವು. ಕೊನೆಯ ಕಲ್ಲು ನನ್ನದು, ಎದುರಿನ ಕಲ್ಲನ್ನು ಹೊಡೆದು ಹೊರಗೆ ಹಾಕಿದ್ದರೆ ಸಾಕಿತ್ತು, ಮಕ್ಕಳೂ ಹಾಕುತ್ತಾರೆ. ಒಂದು ಗೇಣು ಬಲಕ್ಕೆ ಹೋಯಿತು. ಕೈಯಲ್ಲಿ ಅದು ನೇರವಾಗಿತ್ತು. ನನ್ನ ಕೈಗೆ ಸುಳ್ಳು ಹೇಳಿ ಗೊತ್ತಿಲ್ಲ. ಬಿಟ್ಟ ಕೂಡಲೇ ನನಗೆ ತಿಳಿಯುತ್ತದೆ, ಅದು ಪೊರಕೆಯ ಮೇಲೇ ಹೋಗುತ್ತಿತ್ತು.

ಗೆದ್ದವರು ಪದ್ಧತಿಯಂತೆ ನಮಗೆ ಕುಡಿಯಲು ಕೊಡಿಸಿದರು. ಪಾಪ ಎನ್ನುವ ಮುಖ ಮಾಡಿಕೊಂಡು ಕೊಡಿಸಿದರು. ಆ ರೈ ವಿಸ್ಕಿಯನ್ನು ಹಾಗೇ ಮೇಜಿನ ಮೇಲೆ ಬಿಟ್ಟು ಬಂದೆ.

ಡಿಸೆಂಬರ್ 2

ವೆರ್ನಾ ಅಂಗಡಿಗೆ ಬಂದು ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಾ ಹೇಳಿದಳು: ಈ ವರ್ಷ ನಾನೇ ನಾಯಕಿಯಾಗಿ ಆಡುತ್ತೇನೆ, ನೀನು ಕೋಲು ಹಿಡಿದು ಆಡು. ಕೋಲು ಎಂದರೆ ಬಗ್ಗಲಾರದ ಮುದುಕರು ನಿಂತೇ ಕಲ್ಲನ್ನು ತಳ್ಳುತ್ತಾರಲ್ಲ, ಅದು. ಅವರ ಆಟ ಮಂಗಳವಾರ ಮಧ್ಯಾಹ್ನ, ಆಮೇಲೆ ಸೂಪ್ ಕೊಡುತ್ತಾರೆ.

‘ನಿನ್ನ ಒಳ್ಳೇದಕ್ಕೇ ಹೇಳೋದು ಕಣೆ. ಮಂಡಿ ಹಾಳು ಮಾಡ್ಕೋಬೇಡ,’ ಎಂದಳು.

ಅವಳ ತಲೆ ನನ್ನ ಕೈಯಲ್ಲಿತ್ತು, ಕತ್ತರಿಯೂ ಇತ್ತು. ಸುಮ್ಮನೆ ಕೂದಲು ಕತ್ತರಿಸಿ ಕಳಿಸಿದೆ. ಈ ಶಸ್ತ್ರಚಿಕಿತ್ಸೆಗೆ ನನ್ನನ್ನು ಹುರಿದುಂಬಿಸಿದವಳು ಯಾರು. ಒಂದು ಚಳಿಗಾಲ ನನ್ನನ್ನು ಮೂಲೆಗೆ ಹಾಕಿದರೆ ಜಾಗ ಯಾರಿಗೆ ಸಿಗುತ್ತಿತ್ತು. ಇದು ನನಗೆ ಇಷ್ಟು ದಿನ ಹೊಳೆಯಲೇ ಇಲ್ಲ, ಎಂಥ ಪೆದ್ದಿ ನಾನು.

ಡಿಸೆಂಬರ್ 6

ಇವತ್ತು ಬೆಳಿಗ್ಗೆ ಕ್ಲಬ್ಬಿನಲ್ಲಿ ಯಾರೂ ಇರಲಿಲ್ಲ. ಜೋಲೀನ್‌ಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಶಾಲೆಯಲ್ಲಿ ಪಾಠ ಮಾಡುವವಳು, ನಮ್ಮ ತಂಡಕ್ಕೆ ಬಂದು ಎರಡೇ ವರ್ಷ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹುಡುಗಿ. ಪೊರಕೆಯನ್ನು ನಡುಗೆರೆಯ ಮೇಲೆ ಹಿಡಿ, ಅಲುಗಾಡಿಸಬೇಡ ಎಂದೆ.

ಎಲ್ಲ ಕಲ್ಲೂ ಪೊರಕೆಯ ಮೇಲೇ ಹೋದವು. ಒಂದೂ ತಪ್ಪಲಿಲ್ಲ. ಮಂಡಿ ಚಿವುಟುತ್ತಿತ್ತು, ಲೋಹದ ಪಟ್ಟಿ ಚಳಿಗೆ ಕೊರೆಯುತ್ತಿತ್ತು, ಆದರೂ ಕಲ್ಲುಗಳು ನೂಲು ಹಿಡಿದ ಹಾಗೆ ಹೋದವು.

ಹಾಗಾದರೆ ವೆರ್ನಾ ಹಿಡಿದಾಗ ಮಾತ್ರ ಯಾಕೆ ತಪ್ಪುತ್ತದೆ. ಅಷ್ಟು ದೂರದಿಂದ ಒಂದು ಗೇಣು ಆಚೆ ಈಚೆ ಬಿಡುವವಳಿಗೆ ಕಾಣುವುದಿಲ್ಲ. ಹಿಡಿದವಳನ್ನು ನಂಬಿ ಬಿಡಬೇಕು. ನಾನು ನಂಬಿದೆ. ಅವಳು ಪೊರಕೆಯನ್ನು ಸರಿಸಿ ಹಿಡಿದು ನನ್ನನ್ನು ಊರ ಮುಂದೆ ಸೋಲಿಸಿದ್ದಾಳೆ.

ಜೋಲೀನ್ ಏನೋ ಹೇಳಲು ಬಾಯಿ ತೆರೆದಳು, ಆಮೇಲೆ ಕೈಗವಸು ಹುಡುಕುವ ನೆಪ ಮಾಡಿ ಆಚೆ ಹೋದಳು. ಗವಸು ಅವಳ ಕೈಯಲ್ಲೇ ಇತ್ತು.

ಡಿಸೆಂಬರ್ 7

ಊಟದ ಹೊತ್ತಿಗೆ ಎಲ್ವಿನ್‌ಗೆ ಎಲ್ಲ ಹೇಳಿದೆ. ಬೇಯಿಸಿದ ಮೀನು ಅವನ ತಟ್ಟೆಯಲ್ಲಿ ಆರುತ್ತಿತ್ತು. ವೆರ್ನಾ ನನ್ನ ಬೆನ್ನಿಗೆ ಚೂರಿ ಹಾಕಿದಳು, ಪೊರಕೆಯನ್ನು ಒಂದು ಗೇಣು ಆಚೆ ಹಿಡಿಯುತ್ತಾಳೆ ಎಂದೆ. ಅವನು ಕೋಪ ಮಾಡಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅವನು ಮುಳ್ಳುಚಮಚ ಕೆಳಗಿಟ್ಟ.

‘ಅವಳು ಯಾವಾಗಲೂ ಅಲ್ಲೇ ಹಿಡಿಯೋದು, ಆರ್ಡಿಸ್,’ ಎಂದ.

ಯಾವಾಗಲೂ ಎಂದರೆ ಎಂದು ಕೇಳಿದೆ.

‘ಮೊದಲಿಂದ. ನಿನ್ನ ಕಲ್ಲು ಎಡಕ್ಕೆ ಹೋಗ್ತಿತ್ತಲ್ಲ. ಅದಕ್ಕೆ.’

ಅವನು ಕ್ಲಬ್ಬಿನ ಗಾಜಿನ ಹಿಂದೆ ಕೂತು ನನ್ನ ಆಟವನ್ನೆಲ್ಲ ನೋಡಿದವನು. ಅಷ್ಟು ವರ್ಷ ಆ ಪೊರಕೆ ಆಚೆಗಿರುವುದನ್ನು ನೋಡುತ್ತಾ ಕೂತಿದ್ದಾನೆ. ನನ್ನ ಕಲ್ಲು ಎಂದೂ ಎಡಕ್ಕೆ ಹೋಗಿಲ್ಲ ಎಂದೆ. ನಾನು ಊಟ ಬಿಟ್ಟು ಎದ್ದು ಬಂದೆ. ಅವನ ಹಾಸಿಗೆ ಇವತ್ತು ಕೆಳಗಿನ ಕೋಣೆಯಲ್ಲಿ.

ಡಿಸೆಂಬರ್ 9

ಮುದುಕಿ ಗುಡ್ರುನ್ ಕೂದಲು ಸುರುಳಿ ಮಾಡಿಸಿಕೊಳ್ಳಲು ಬಂದಿದ್ದಳು. ಅವಳು ಕ್ಲಬ್ಬಿಗೆ ಹೋಗುವುದೇ ಚಹಾ ಕುಡಿಯಲು. ಸುಮ್ಮನೆ ಕೇಳುವ ಹಾಗೆ ಕೇಳಿದೆ, ವೆರ್ನಾ ನನಗೆ ಪೊರಕೆ ಎಲ್ಲಿ ಹಿಡಿಯುತ್ತಾಳೆ ಅಂತ. ‘ಅಯ್ಯೋ, ಅದಾ. ಕೊನೆಗೂ ಹೇಳಿದ್ಲಾ?’ ಎಂದಳು. ಆಮೇಲೆ ಕನ್ನಡಿಯಲ್ಲಿ ನನ್ನ ಮುಖ ಕಂಡು, ಈ ಸುರುಳಿ ತನಗೆ ಒಪ್ಪುತ್ತದೋ ಇಲ್ಲವೋ ಎಂದು ಮಾತು ತಿರುಗಿಸಿದಳು.

ಊರಿಗೆ ಊರೇ ಈ ಕುರ್ಚಿಯಲ್ಲಿ ಕೂತು ಹೋಗಿದೆ. ಗಂಡಂದಿರ ವಿಷಯ ಹೇಳಿದರು, ಅತ್ತೆಯರ ವಿಷಯ ಹೇಳಿದರು, ಹೇಳಬಾರದ್ದನ್ನೆಲ್ಲ ಹೇಳಿದರು. ಇದೊಂದನ್ನು ಬಿಟ್ಟು. ನಾನು ಬೆನ್ನು ತಿರುಗಿಸಿದಾಗ ಎಷ್ಟು ಸಲ ನಕ್ಕಿರಬೇಕು. ಮಧ್ಯಾಹ್ನವೇ ಅಂಗಡಿ ಮುಚ್ಚಿದೆ.

ಡಿಸೆಂಬರ್ 10

ವೆರ್ನಾಳ ಮನೆಗೆ ಹೋದೆ. ಅವಳು ಕ್ರಿಸ್‌ಮಸ್‌ಗೆ ಹಿಟ್ಟು ನಾದುತ್ತಿದ್ದಳು, ಮೊಣಕೈ ತನಕ ಬಿಳಿ. ನಾನು ಕೂರಲಿಲ್ಲ. ಎಲ್ವಿನ್ ಆಗಲೇ ಫೋನ್ ಮಾಡಿರಬೇಕು, ಅವಳು ಏನು ಎತ್ತ ಎಂದು ಕೇಳಲೂ ಇಲ್ಲ.

ಎಷ್ಟು ವರ್ಷದಿಂದ ಎಂದೆ. ಮೊದಲ ಚಳಿಗಾಲದಿಂದಲೇ ಎಂದಳು. ನನ್ನ ಎಡಗಾಲು ಆಚೆಗೆ ಬಾಗಿದ್ದರಿಂದ ಜಾರುವಾಗ ಮೈಯೆಲ್ಲ ಅತ್ತ ಓಲುತ್ತಿತ್ತಂತೆ, ಕಲ್ಲೂ ಜೊತೆಗೆ ಹೋಗುತ್ತಿತ್ತಂತೆ. ‘ಯಾವಾಗಲೂ ಒಂದೇ ಕಡೆ, ಯಾವಾಗಲೂ ಅಷ್ಟೇ. ಹಾಗಾಗಿ ನಾನು ಪೊರಕೆನ ಸ್ವಲ್ಪ ನಿನ್ನ ಬಲಕ್ಕೆ ಹಿಡಿದೆ. ಸರಿಹೋಯ್ತು. ಮುಗೀತು,’ ಎಂದಳು, ಹಿಟ್ಟನ್ನು ಬಡಿಯುತ್ತಾ.

ಹೇಳಲಿಲ್ಲ ಯಾಕೆ.

‘ಕಾಲಿನ ಬಗ್ಗೆ ಯೋಚನೆ ಮಾಡೋಕೆ ಶುರು ಮಾಡಿದವಳಿಗೆ ಕಲ್ಲು ಬಿಡೋಕಾಗಲ್ಲ ಕಣೆ. ನೀನು ಅಷ್ಟು ಚೆನ್ನಾಗಿ ಬಿಡ್ತಿದ್ದೆ. ನಾನ್ಯಾಕೆ ಕೆಡಿಸಲಿ?’

ನವೆಂಬರ್‌ನಲ್ಲಿ ನಾನು ಮೂರು ಆಟ ಸೋತದ್ದು ನಿನ್ನ ಪೊರಕೆಯಿಂದ ಎಂದೆ. ನನ್ನ ಕಾಲು ನೆಟ್ಟಗಾಗಿದೆ, ಎಲ್ಲರಿಗೂ ಕಾಣುತ್ತದೆ, ನಿನಗೊಬ್ಬಳಿಗೆ ಕಾಣಲಿಲ್ಲವೇ ಎಂದೆ. ಅವಳ ಕೈ ನಿಂತಿತು. ಮುಖ ಕೆಂಪಾಯಿತು.

‘ನನ್ನಾಣೆಗೂ ಹೊಳೀಲಿಲ್ಲ, ಆರ್ಡಿಸ್. ನಿನ್ನ ಕಾಲಿಗೆ ಇನ್ನೂ ಬಲ ಬಂದಿಲ್ಲ ಅಂದ್ಕೊಂಡೆ. ಮೊನ್ನೆ ಜೋಲೀನ್ ಹೇಳಿದ ಮೇಲೇ ಗೊತ್ತಾಗಿದ್ದು. ಅಷ್ಟು ವರ್ಷ ಅಲ್ಲೇ ಹಿಡಿದಿದ್ದೀನಿ. ನನಗೆ ಅದೇ ನೇರ.’

ಅದನ್ನು ನಾನು ನಂಬಿದೆ. ನಂಬಿದ್ದರಿಂದ ಇನ್ನಷ್ಟು ಉರಿಯಿತು. ಕೆಟ್ಟತನ ಮಾಡಿದ್ದರೆ ಬೈದು ಮುಗಿಸಬಹುದಿತ್ತು. ಈ ಆಟದಲ್ಲಿ ಓಡುವ ಕಲ್ಲಿಗೆ ನಮ್ಮ ಪೊರಕೆ ತಗುಲಿದರೆ ಬೇರೆ ಯಾರೂ ನೋಡದಿದ್ದರೂ ನಾವೇ ಕೈಯೆತ್ತಿ ಹೇಳುತ್ತೇವೆ. ಅಂಥ ಆಟದಲ್ಲಿ ಇಪ್ಪತ್ತಾರು ವರ್ಷ ನನ್ನ ಮುಖ ನೋಡಿಕೊಂಡು ಸುಳ್ಳು ಹಿಡಿದು ನಿಂತಿದ್ದೀಯಲ್ಲ ಎಂದೆ. ಗೋಡೆಯ ಮೇಲಿನ ಆ ಫೋಟೊಗಳಲ್ಲಿ ನಡುವೆ ಬಟ್ಟಲು ಹಿಡಿದು ನಿಂತವಳು ನಾನು. ಅವು ಯಾರ ಗೆಲುವು, ಹೇಳು ಎಂದೆ. ‘ನಮ್ಮದು,’ ಎಂದಳು. ಅದು ಉತ್ತರವಲ್ಲ ಎಂದು ಹೇಳಿ ಬಾಗಿಲು ಎಳೆದುಕೊಂಡು ಬಂದೆ.

ಡಿಸೆಂಬರ್ 25

ವೆರ್ನಾ ಕಳಿಸಿದ ತಿಂಡಿಯ ಡಬ್ಬಿಯನ್ನು ತೆರೆಯದೆ ಪಕ್ಕದ ಮನೆಗೆ ಕೊಟ್ಟೆ. ಎಲ್ವಿನ್ ಅದರ ಹಿಂದೆಯೇ ಕಣ್ಣು ಹಾಯಿಸಿದ. ನಾನು ಮಾಡಿದ ವಿನಾರ್ಟೆರ್ಟಾ ಕೇಕಿನ ಪದರಗಳು ಗಟ್ಟಿಯಾಗಿ ಹಲಗೆಯಂತಾಗಿದ್ದವು. ಅವನು ಚಕಾರ ಎತ್ತದೆ ತಿಂದ.

ಜನವರಿ 8

ಹಿಮ. ಮಂಡಿ ಊದಿದೆ.

ಜನವರಿ 9

ಹಿಮ.

ಜನವರಿ 17

ರೆನೆಯನ್ನು ನೋಡಲು ಹೋಗಿದ್ದೆ. ಬೆಳಿಗ್ಗೆ ಒಬ್ಬಳೇ ಹೋಗಿ ಕಲ್ಲು ಬಿಡುತ್ತಿದ್ದೇನೆ, ಖಾಲಿ ಡಬ್ಬಿಯನ್ನು ಗುರಿಯಿಟ್ಟುಕೊಂಡು, ಎಂದು ಒಪ್ಪಿಕೊಂಡೆ. ಡಬ್ಬಿ ಸುಳ್ಳು ಹೇಳುವುದಿಲ್ಲ ಎಂದೂ ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ.

ಮಂಡಿಯ ಹೊರಮಗ್ಗುಲು ನೋಯುತ್ತಿದೆ, ಒಳ್ಳೆಯ ಕಡೆಯೂ ಕೆಡುತ್ತಿದೆಯೇ ಎಂದು ಕೇಳಿದೆ. ಒತ್ತಿ ನೋಡಿದಳು, ಮಡಚಿ ನೋಡಿದಳು. ಕೆಟ್ಟಿಲ್ಲ ಎಂದಳು. ‘ಇಷ್ಟು ವರ್ಷ ಆ ಕಡೆಗೆ ಕೆಲಸ ಇರಲಿಲ್ಲ. ಈಗ ಭಾರ ಹೊರಬೇಕು. ಕಲೀತಾ ಇದೆ, ಅಷ್ಟೇ.’ ಸವೆದ ಕಡೆ ಎಂದಾದರೂ ಮತ್ತೆ ಮೊದಲಿನಂತೆ ಆಗುತ್ತದೆಯೇ ಎಂದು ಕೇಳಿದೆ. ಆಗುವುದಿಲ್ಲವಂತೆ. ಅದರ ಮೇಲಿನ ಹೊರೆ ಇಳಿಸಿದ್ದಾರೆ, ಅದೇ ದೊಡ್ಡದು ಎಂದಳು.

ಇಡೀ ಸಂಜೆ ಕುಕ್ಕರಗಾಲಲ್ಲಿ ಕೂರಬೇಡಿ ಎಂದಿದ್ದಾಳೆ. ಒಂದು ಆಟದಲ್ಲಿ ನನ್ನ ಪಾಲಿನ ಕಲ್ಲುಗಳನ್ನಷ್ಟೇ ಬಿಟ್ಟರೆ ಪರವಾಗಿಲ್ಲವಂತೆ. ಆಡಲು ಯಾರ ಜೊತೆ ಹೋಗಲಿ ಎಂದು ನಾನು ಅವಳನ್ನು ಕೇಳಲಿಲ್ಲ.

ಜನವರಿ 28

ವೆರ್ನಾಳ ಕೂದಲು ಬೆಳೆದು ಕಿವಿ ಮುಚ್ಚಿದೆ. ಬೀದಿಯಲ್ಲಿ ಕಂಡಳು. ಬೇರೆ ಊರಿಗೆ ಹೋಗಿ ಕತ್ತರಿಸಿಕೊಳ್ಳಬಹುದಲ್ಲ, ಯಾರು ಬೇಡವೆಂದರು.

ಫೆಬ್ರವರಿ 6

ಪ್ಯಾಟ್ ಚರ್ಚಿನ ಮೆಟ್ಟಿಲ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಳಂತೆ. ಜಿಲ್ಲೆಯ ಆಟ ಶನಿವಾರ ಶುರು. ಮೂವರೇ ಇದ್ದರೆ ಅಲ್ಲಿ ಆಡಲು ಬಿಡುವುದಿಲ್ಲ. ಸಂಜೆ ಜೋಲೀನ್ ಬಂದಳು. ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತಳು, ಹಿಮ ಕರಗಿ ನನ್ನ ಚಾಪೆ ಒದ್ದೆಯಾಯಿತು.

‘ಪ್ಯಾಟ್ ಜಾಗಕ್ಕೆ ನೀವು ಬರ್ತೀರಾ? ವೆರ್ನಾ ಕೇಳಲ್ಲ. ನೀವು ಬೇಡ ಅಂತೀರ ಅಂತ ಹೆದರಿಕೆ ಅವರಿಗೆ.’

ಪ್ಯಾಟ್‌ಳ ಜಾಗ ಎಂದರೆ ನಾಯಕಿಯ ಬಲಗೈ. ವೆರ್ನಾಳ ಕೈಕೆಳಗೆ. ಅವಳು ಕಲ್ಲು ಬಿಡಲು ಹೋದಾಗ ಆಚೆ ತುದಿಯಲ್ಲಿ ಅವಳಿಗೆ ಪೊರಕೆ ಹಿಡಿದು ನಿಲ್ಲಬೇಕು. ಇದರಲ್ಲಿ ಯಾರಿಗೂ ನಗು ಬರುವುದಿಲ್ಲವೇ ಎಂದೆ. ಜೋಲೀನ್ ನಗಲಿಲ್ಲ. ತಂಡಕ್ಕಾಗಿ ಬರುತ್ತೇನೆ, ಅವಳಿಗಾಗಿ ಅಲ್ಲ, ಆಟದ ಮಾತು ಬಿಟ್ಟು ಬೇರೆ ಮಾತಿಲ್ಲ ಎಂದು ಹೇಳಿ ಕಳಿಸಿದೆ. ಎಲ್ವಿನ್ ಕೆಳಗಿನ ಕೋಣೆಯಿಂದ ನನ್ನ ಹಳೆಯ ಆಟದ ಬೂಟುಗಳನ್ನು ತಂದು ಒರೆಸತೊಡಗಿದ. ಅವನಿಗೆ ಯಾರೂ ಹೇಳಿರಲಿಲ್ಲ.

ಫೆಬ್ರವರಿ 10

ಎರಡು ಆಟ ಗೆದ್ದೆವು. ನನ್ನ ಕಲ್ಲುಗಳು ಹೋಗಬೇಕಾದಲ್ಲಿಗೆ ಹೋದವು. ನಾನು ಬಿಡುವಾಗ ಪೊರಕೆ ಹಿಡಿಯುವವಳು ವೆರ್ನಾಳೇ, ಬೇರೆ ದಾರಿಯಿಲ್ಲ. ಮೊದಲ ಕಲ್ಲಿಗೆ ಮುಂಚೆ ಅವಳು ಅಲ್ಲಿಂದಲೇ ಪೊರಕೆಯನ್ನು ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಗೆರೆಯ ಮೇಲೆ ಊರಿದಳು. ಮಂಡಿ ಚಿವುಟಿತು. ಕಲ್ಲು ನೇರವಾಗಿ ಹೋಯಿತು. ಇವು ನನ್ನ ಸ್ವಂತದ ಕಲ್ಲುಗಳು, ಇದರಲ್ಲಿ ಯಾರ ದಾನವೂ ಇಲ್ಲ. ಎಷ್ಟು ಸಂತೋಷವಾಗಬೇಕಾಗಿತ್ತೋ ಅಷ್ಟಾಗಲಿಲ್ಲ.

ಆಟ ಬಿಟ್ಟು ಬೇರೆ ಮಾತಾಡಲಿಲ್ಲ. ಅವಳು ಒಮ್ಮೆ ಕಾಲು ಹೇಗಿದೆ ಎಂದು ಕೇಳಿದಳು. ಅದು ಆಟದ ಮಾತೋ ಅಲ್ಲವೋ ತಿಳಿಯದೆ ಬೂಟಿನ ದಾರ ಬಿಗಿದುಕೊಂಡೆ.

ಫೆಬ್ರವರಿ 11

ಇವತ್ತು ಪಕ್ಕದ ಊರಿನವರ ಮೇಲೆ ಆಟ. ಸೋತವರು ಅಲ್ಲಿಗೇ ಮನೆಗೆ. ಕೊನೆಯ ಸುತ್ತಿಗೆ ಇಬ್ಬರದೂ ಸಮ. ಕೊನೆಯ ಕಲ್ಲು ನಮ್ಮದು, ಅಂದರೆ ವೆರ್ನಾಳದು. ಎದುರಾಳಿಯ ಕಲ್ಲು ವೃತ್ತದ ನಡುವೆ ಅರ್ಧ ಮರೆಯಾಗಿ ಕೂತಿತ್ತು. ಅದರ ಮುಂದೆ ಅಡ್ಡ ನಿಂತ ಕಾವಲು ಕಲ್ಲಿನ ಪಕ್ಕದಿಂದ ತೂರಿ ಬಂದು ಅದನ್ನು ತೆಗೆಯಬೇಕು. ಕಿರಿದಾದ ಸಂದು.

‘ಇಲ್ಲೇ ಹಿಡಿ,’ ಎಂದು ವೆರ್ನಾ ತನ್ನ ಪೊರಕೆಯ ತುದಿಯಿಂದ ಐಸ್ ಮೇಲೆ ಜಾಗ ತೋರಿಸಿದಳು. ಆ ಜಾಗ ಸರಿಯಾಗಿಯೇ ಇತ್ತು. ನಾನು ಪೊರಕೆ ಊರಿದೆ. ಅವಳು ಅಷ್ಟುದ್ದ ನಡೆದು ಆಚೆ ತುದಿಗೆ ಹೋದಳು.

ಅಲ್ಲಿ ನಿಂತಾಗಲೇ ನನಗೆ ತಿಳಿದದ್ದು, ಪೊರಕೆ ಹಿಡಿದವಳಿಗೆ ಕಲ್ಲು ಕಾಣುವುದು ಆಮೇಲೆ, ಮೊದಲು ಮನುಷ್ಯಳು ಕಾಣುತ್ತಾಳೆ. ಇಡೀ ಮೈ ಎದುರಿಗೆ ಬಂದು ಕೂರುತ್ತದೆ. ಯಾರು ಹೆದರಿದ್ದಾರೆ, ಯಾರ ಬೆನ್ನು ನೋಯುತ್ತಿದೆ, ಎಲ್ಲ. ವೆರ್ನಾ ದಣಿದಿದ್ದಳು. ಅವಳಿಗೆ ಐವತ್ತೆಂಟಾಯಿತು. ಕೂದಲು ಕಣ್ಣಿಗೆ ಬೀಳುತ್ತಿತ್ತು, ಮೊಣಕೈಯಿಂದ ಸರಿಸಿಕೊಂಡಳು. ಹಿಂದಿನ ಎರಡು ಸುತ್ತಿನಿಂದಲೂ ಅವಳ ಬಲಭುಜ ಇಳಿಯುತ್ತಿತ್ತು, ಭುಜ ಇಳಿದಾಗಲೆಲ್ಲ ಕಲ್ಲು ತುಸು ಹೊರಗೆ ಸಾಗುತ್ತಿತ್ತು. ಕುಕ್ಕರಗಾಲಲ್ಲಿ ಕೂತಳು. ಭುಜ ಇಳಿಯಿತು.

ನಾನು ಪೊರಕೆಯನ್ನು ಅರ್ಧ ಗೇಣು ಒಳಕ್ಕೆ ಸರಿಸಿದೆ.

ಅವಳು ನನ್ನ ಪೊರಕೆಯನ್ನೇ ನೋಡುತ್ತಾ ಬಂದಳು, ಕಣ್ಣು ಮಿಟುಕಿಸಲಿಲ್ಲ. ಕಲ್ಲು ಕೈಬಿಟ್ಟಿತು. ಜೋಲೀನ್ ಮತ್ತು ಬ್ಯಾಂಕಿನ ಹುಡುಗಿ ಅದು ದೂರ ಸಾಗಲೆಂದು ಮುಂದಿನ ಐಸನ್ನು ಗುಡಿಸುತ್ತಾ ಓಡಿ ಬಂದರು. ಕಾವಲು ಕಲ್ಲಿನ ಪಕ್ಕದಲ್ಲಿ ಕಾಗದ ತೂರುವಷ್ಟೇ ಜಾಗ ಬಿಟ್ಟು ದಾಟಿತು, ಎದುರಾಳಿಯ ಕಲ್ಲನ್ನು ಹೊಡೆದು ತಾನು ಅಲ್ಲೇ ನಿಂತಿತು. ಗೆದ್ದೆವು. ಗಾಜಿನ ಹಿಂದೆ ಎಲ್ವಿನ್ ಎದ್ದು ನಿಂತು ಟೋಪಿ ಬೀಸುತ್ತಿದ್ದ.

ಪದ್ಧತಿಯಂತೆ ಸೋತವರಿಗೆ ನಾವು ಕುಡಿಯಲು ಕೊಡಿಸಿದೆವು. ಒಂದೇ ಮೇಜಿನ ಸುತ್ತ ಕೂತಿದ್ದೆವು. ವೆರ್ನಾಳ ಮುಖ ಕೆಂಪಾಗಿ ಹೊಳೆಯುತ್ತಿತ್ತು. ಎದುರಾಳಿ ತಂಡದ ನಾಯಕಿಗೆ ಕೈಯಲ್ಲಿ ಅಳೆದು ತೋರಿಸಿದಳು. ‘ಈ ವಯಸ್ಸಲ್ಲೂ ನೋಡು. ಪೊರಕೆ ಮೇಲೇ ಬಿಟ್ಟೆ. ಕೂದಲಷ್ಟೂ ಆ ಕಡೆ ಈ ಕಡೆ ಇಲ್ಲ,’ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. ತಿಂಗಳುಗಳ ಮೇಲೆ ಮೊದಲ ಸಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ‘ಹೌದು ತಾನೇ, ಆರ್ಡಿಸ್?’

ನಾಲಿಗೆಯ ತುದಿಗೆ ಬಂದಿತ್ತು. ಆ ಮೇಜಿನಲ್ಲಿ, ಅಷ್ಟು ಜನರ ಮುಂದೆ, ಹೇಳಿದ್ದರೆ ಒಂದೇ ಮಾತಿನಲ್ಲಿ ಎಲ್ಲ ಲೆಕ್ಕ ತೀರುತ್ತಿತ್ತು.

‘ನೇರವಾಗೇ ಬಂತು,’ ಎಂದೆ.

ವಾಪಸು ಬರುವಾಗ ನಮ್ಮ ಗಾಡಿಯನ್ನು ಜೋಲೀನ್ ಓಡಿಸುತ್ತಿದ್ದಳು, ವೆರ್ನಾ ಬೇರೆ ಗಾಡಿಯಲ್ಲಿದ್ದಳು. ಎಲ್ವಿನ್ ಹಿಂದೆ ಕೂತು ನಿದ್ದೆ ಹೋಗಿದ್ದ, ಅಥವಾ ಹಾಗೆ ನಟಿಸುತ್ತಿದ್ದ. ಊರಿನ ತಿರುವು ಬಂದಾಗ ಅವಳು ಕೇಳಿದಳು: ‘ನೀವು ಪೊರಕೆ ಸರಿಸಿದ್ರಿ. ನಾನು ನೋಡಿದೆ. ಅವರಿಗೆ ಹೇಳಲ್ವಾ?’ ಈ ಮಾತು ಗಾಡಿಯಿಂದ ಕೆಳಗೆ ಇಳಿಯಬಾರದು, ಇಳಿದರೆ ನಿನ್ನ ಕೂದಲನ್ನು ಇನ್ನು ಯಾರು ಕತ್ತರಿಸುತ್ತಾರೋ ನೋಡಿಕೋ ಎಂದೆ.

ವೆರ್ನಾಳನ್ನು ಕ್ಷಮಿಸಿದ್ದೇನೆ ಎಂದು ಯಾರೂ ತಿಳಿಯುವುದು ಬೇಡ. ಕ್ಷಮಿಸಿಲ್ಲ. ಗುರುವಾರ ಅವಳು ಕೂದಲು ಕತ್ತರಿಸಿಕೊಳ್ಳಲು ಬರುತ್ತಾಳೆ, ಅದು ಕಣ್ಣಿಗೆ ಬಿದ್ದು ಆಟ ಕೆಡಬಾರದಲ್ಲ, ಅಷ್ಟಕ್ಕೆ. ಮುಂದಿನ ಆಟ ಶನಿವಾರ. ಅವಳ ಭುಜ ಹೀಗೇ ಇಳಿಯುತ್ತಾ ಹೋದರೆ ಅರ್ಧ ಗೇಣು ಸಾಲದು.